ಆಟೀನ್ ಗುಲಾಮ

ನಮ್ಮಪ್ಪ ಇದುವರೆಗೆ ಏಳು ಹುಡುಗರನ್ನು ಬೇಡವೆಂದಿದ್ದಾರೆ. ಒಬ್ಬ ಕಾಫಿಯನ್ನು ಸೊರ್ರೆಂದು ಕುಡಿದ, ಬೇಡ. ಇನ್ನೊಬ್ಬ ಸದ್ದೇ ಇಲ್ಲದೆ ಕುಡಿದ, ಅವನ ಮೇಲೆ ನಂಬಿಕೆ ಬರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಆಂಜನಪ್ಪ ಮೇಷ್ಟ್ರಿಗೆ ಮನುಷ್ಯರನ್ನು ಕಂಡರೂ ಕೆಂಪು ಪೆನ್ನು ಹುಡುಕುವ ಚಾಳಿ. ಎಂಟನೆಯವನು ಮುಂದಿನ ಭಾನುವಾರ ನನ್ನನ್ನು ನೋಡಲು ಬರುವವನಿದ್ದ. ಅವನ ಫೋಟೊದಲ್ಲಿ ಅಪ್ಪನಿಗೆ ಯಾವ ತಪ್ಪೂ ಸಿಕ್ಕಲಿಲ್ಲ, ಅದೇ ನನ್ನ ಗ್ರಹಚಾರ. ಇವತ್ತು ಸಂಜೆ ಫೋನ್ ಮಾಡಿ ಬನ್ನಿ ಅಂತೀನಿ ಎಂದು ಯುಗಾದಿಯ ಮಾರನೆಯ ಬೆಳಿಗ್ಗೆ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಹೇಳಿಬಿಟ್ಟರು.

ನನಗಾಗಲೇ ಒಬ್ಬನಿದ್ದ. ಹೆಸರು ಪ್ರಭುದೇವ, ಊರು ಹಾಗಲವಾಡಿ. ತುಮಕೂರಿನಲ್ಲಿ ನಾನು ಡಿಸೈನ್ ಮಾಡುವ ಪ್ರಿಂಟಿಂಗ್ ಅಂಗಡಿಯಲ್ಲೇ ಮಷೀನ್ ನೋಡಿಕೊಳ್ಳುತ್ತಾನೆ. ಈ ಮಾತನ್ನು ಹೇಳಿಯೇ ತೀರಬೇಕೆಂದು ಎರಡು ವರ್ಷದಿಂದ ಊರಿನ ಬಸ್ಸು ಹತ್ತುತ್ತಿದ್ದೆ. ಬಸ್ಸು ನಮ್ಮೂರು ಅಮೃತೂರು ಮುಟ್ಟುವ ಹೊತ್ತಿಗೆ ನನ್ನ ಧೈರ್ಯ ಕುಣಿಗಲ್ಲಿನಲ್ಲೇ ಇಳಿದುಹೋಗಿರುತ್ತಿತ್ತು.

ಈ ಯುಗಾದಿಗೆ ಅಜ್ಜಿ ಪುಟ್ಟಗಂಗಮ್ಮನಿಗೆ ಹೊಸ ಇಸ್ಪೀಟು ಕಟ್ಟು ಪ್ರಿಂಟ್ ಮಾಡಿಕೊಂಡು ಹೋಗಿದ್ದೆ. ರಾಜ, ರಾಣಿ, ಗುಲಾಮರ ಜಾಗದಲ್ಲಿ ನಮ್ಮ ಮನೆಯವರದೇ ಮುಖ. ಚಿತ್ರದ ಎಲೆಗಳು ಹನ್ನೆರಡು, ಮನೆಯಲ್ಲಿರುವುದು ಹನ್ನೊಂದು ಜನ. ಅಪ್ಪನನ್ನು ಆಟೀನ್ ರಾಜ ಮಾಡಿದೆ, ಅಜ್ಜಿಯನ್ನು ಆಟೀನ್ ರಾಣಿ ಮಾಡಿದೆ, ಕೊನೆಗೆ ಆಟೀನ್ ಗುಲಾಮನ ಜಾಗ ಖಾಲಿ ಉಳಿಯಿತು. ಅಲ್ಲಿ ಪ್ರಭುವನ್ನು ಕೂರಿಸಿಬಿಟ್ಟೆ. ಮೊಬೈಲಿನಲ್ಲಿ ನಾನು ಆಡಿದ್ದು ರಮ್ಮಿ ಒಂದೇ. ಅದರಲ್ಲಿ ಗುಲಾಮ ಬಂದರೂ ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ಮೂಲೆಯಲ್ಲಿ ತೆಪ್ಪಗಿರಲಿ, ಮುಖವಾದರೂ ಮನೆಯವರಿಗೆ ಅಭ್ಯಾಸವಾಗಲಿ ಎಂದುಕೊಂಡೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಬಾಡೂಟ ಮುಗಿದರೆ ಹಜಾರದಲ್ಲಿ ಚಾಪೆ ಹಾಸಿ ಇಸ್ಪೀಟಿಗೆ ಕೂರುವುದು ನಮ್ಮಲ್ಲಿ ವಾಡಿಕೆ. ಸೋತ ಜೋಡಿ ಬಾಡಿನ ಪಾತ್ರೆ ಉಜ್ಜಬೇಕು. ಇಷ್ಟು ವರ್ಷ ನಾನು ಅಡುಗೆಮನೆ ಬಿಟ್ಟು ಈಚೆಗೆ ಬಂದವಳಲ್ಲ, ಅವರು ಏನಾಡುತ್ತಾರೆಂದು ಕೇಳಿದವಳೂ ಅಲ್ಲ. ಈ ಸಲ ಒಂದು ಕೈ ಕಡಿಮೆ ಬಿತ್ತೆಂದು ಅಜ್ಜಿ ನನ್ನನ್ನು ಎಳೆದು ಕೂರಿಸಿಕೊಂಡಳು. ನಾನೂ ಅಜ್ಜಿಯೂ ಒಂದು ಕಡೆ, ಅಪ್ಪನೂ ಚಿಕ್ಕಪ್ಪ ಅಣ್ಣಯ್ಯಪ್ಪನೂ ಇನ್ನೊಂದು ಕಡೆ.

"ಇಪ್ಪತ್ತೆಂಟು ಆಡ್ತೀವಿ ಕಣೇ. ಇದ್ರಾಗೆ ಗುಲಾಮನೇ ದೊಡ್ಡೋನು, ಮೂರು ಪಾಯಿಂಟು. ರಾಜ ರಾಣಿಗೆ ಸೊನ್ನೆ" ಎಂದಳು ಅಜ್ಜಿ.

ಮೂಲೆಯಲ್ಲಿ ತೆಪ್ಪಗಿರಲೆಂದು ಕೂರಿಸಿದವನು ಈಗ ಎಲ್ಲರ ಕೈಗೂ ಬೇಕಾದವನು.

ಮೊದಲ ಆಟದಲ್ಲೇ ಪ್ರಭು ಅಪ್ಪನ ಕೈಗೆ ಹೋದ. ಅಪ್ಪ ಕನ್ನಡಕ ಮೇಲೇರಿಸಿ ನೋಡಿದರು. "ಇವ್ನ್ಯಾರಮ್ಮಿ?"

"ಕಂಪ್ಯೂಟರಲ್ಲಿ ಇತ್ತಪ್ಪ. ಸ್ಯಾಂಪಲ್ ಫೋಟೊ."

"ಹುಡ್ಗ ಲಕ್ಷಣವಾಗವ್ನೆ" ಎಂದು ಅಪ್ಪ ಅವನನ್ನು ಚಾಪೆಗೆ ಪಟ್ಟೆಂದು ಬಡಿದು ಗೆದ್ದರು.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನೋಡಿದ್ದರೆ ಪ್ರಭು ಬಿದ್ದು ಬಿದ್ದು ನಗುತ್ತಿದ್ದ. ಅಪ್ಪ ಎಲೆ ಎತ್ತಿಕೊಳ್ಳುವ ಮೊದಲು ಕಣ್ಣು ಮುಚ್ಚಿ "ಬಾರಪ್ಪ, ನಮ್ಮನೆಗೆ ಬಾರಪ್ಪ" ಎಂದು ಅವನನ್ನೇ ಜಪಿಸುತ್ತಿದ್ದರು. ಅಜ್ಜಿ ಅವನು ಸಿಕ್ಕಿದಾಗ ಎಲೆಯನ್ನು ಕಣ್ಣಿಗೊತ್ತಿಕೊಂಡು ಸೊಂಟದ ಹತ್ತಿರ ಬಚ್ಚಿಟ್ಟುಕೊಂಡಳು. ಚಿಕ್ಕಪ್ಪ ಮಾತ್ರ ಅಪ್ಪನ ಮುಖವಿದ್ದ ಆಟೀನ್ ರಾಜ ಬಂದಾಗಲೆಲ್ಲ "ಇವ್ನು ಯಾಕ್ ಬಂದ್ನೋ" ಎಂದು ಬಿಸಾಕುತ್ತಿದ್ದರು. ಸ್ವಂತ ತಮ್ಮನೇ ತನ್ನನ್ನು ಮೂರನೆಯ ಸಲ ಬಿಸಾಕಿದಾಗ ಅಪ್ಪನ ಮುಖ ನೋಡುವ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷ ಬಾಯಿಗೆ ಬಾರದ ಹುಡುಗನನ್ನು ಮನೆಯವರೆಲ್ಲ ಕಿತ್ತಾಡಿಕೊಂಡು ಕರೆಯುತ್ತಿದ್ದರೆ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ?

ನಾಲ್ಕು ಗಂಟೆಯ ಹೊತ್ತಿಗೆ ಎರಡೂ ಕಡೆ ಸಮಸಮ. ಇದೇ ಕೊನೆಯ ಆಟ, ಆಮೇಲೆ ಆ ಹುಡುಗನ ಕಡೆಯವರಿಗೆ ಫೋನು ಎಂದರು ಅಪ್ಪ. ನನ್ನ ನಗು ಅಲ್ಲಿಗೇ ನಿಂತಿತು. ಈ ಸಲ ಪ್ರಭು ನನ್ನ ಕೈಗೇ ಬಂದಿದ್ದ. ಉಮೇದಿನಲ್ಲಿ ಇಪ್ಪತ್ತು ಪಾಯಿಂಟು ಗೆಲ್ಲುತ್ತೇನೆಂದು ಕೂಗಿದೆ. ಕೂಗಿದವರು ತುರುಪಿನ ಎಲೆಯೊಂದನ್ನು ಚಾಪೆಯ ಮೇಲೆ ಮುಚ್ಚಿಡಬೇಕು. ಬಿದ್ದ ಜಾತಿಯ ಎಲೆ ಇಲ್ಲದವರು ಬಿಚ್ಚು ಅನ್ನುವವರೆಗೆ ಅದು ಆಟಕ್ಕೆ ಬರುವುದಿಲ್ಲ. ಮುಚ್ಚಿಡಲು ನನ್ನ ಕೈಯಲ್ಲಿ ಆಟೀನ್ ಏಳೂ ಇತ್ತು. ಆದರೆ ಆ ಗಳಿಗೆಯಲ್ಲಿ ಪ್ರಭುವಿನ ಮುಖ ಅಪ್ಪನ ಕಣ್ಣಿಗೆ ಬೀಳುವುದೇ ಬೇಡ ಅನ್ನಿಸಿತು. ಅವನನ್ನೇ ಬೋರಲು ಮಲಗಿಸಿದೆ.

ಸುತ್ತಿನ ಮೇಲೆ ಸುತ್ತು ಕೈಬಿಟ್ಟು ಹೋಯಿತು. "ಎಲ್ಲೋದ್ನೇ ನಮ್ಮ ಹುಡ್ಗ?" ಎಂದು ಅಜ್ಜಿ ಕಣ್ಣಲ್ಲೇ ಗದರಿದಳು. ಐದನೆಯ ಸುತ್ತಿನಲ್ಲಿ ಕಳಾವರ್ ಬಿತ್ತು. ಅಪ್ಪನ ಹತ್ತಿರ ಕಳಾವರ್ ಇರಲಿಲ್ಲ.

"ತುರುಪು ಬಿಚ್ಚು" ಎಂದರು.

ಬಿಚ್ಚಿದೆ. ನೀಲಿ ಚೌಕಳಿ ಅಂಗಿ ತೊಟ್ಟ ಪ್ರಭು ಚಾಪೆಯ ಮೇಲಿಂದ ಎಲ್ಲರನ್ನೂ ನೋಡಿ ನಗುತ್ತಿದ್ದ.

ಅಪ್ಪನೊಳಗಿನ ಮೇಷ್ಟ್ರು ತಲೆ ಚಚ್ಚಿಕೊಂಡರು. "ಗುಲಾಮನ್ನ ಯಾರಾದ್ರೂ ಮುಚ್ಚಿಡ್ತಾರೇನಮ್ಮಿ? ಏಳೋ ಎಂಟೋ ಇಡೋದು. ಇಂಥಾ ಎಲೆ ಕೈಲಿ ಇಟ್ಕಂಡು ಯಾಕ್ ಮುಚ್ಚಿಟ್ಟೆ?"

"ಹೆದರ್ಕೊಂಡು."

"ಯಾರ್ಗೆ?"

"ನಿಮಗೇ ಅಪ್ಪ." ಬಾಯಿ ತೆರೆದಿದ್ದೇ ತಡ, ಎರಡು ವರ್ಷದ್ದೂ ಒಟ್ಟಿಗೆ ಹೊರಗೆ ಬಂತು. "ಇದು ಸ್ಯಾಂಪಲ್ ಫೋಟೊ ಅಲ್ಲ. ಪ್ರಭುದೇವ ಅಂತ, ಹಾಗಲವಾಡಿಯೋರು. ಮದ್ವೆ ಅಂತ ಆದ್ರೆ ಇವರನ್ನೇ ಆಗೋದು. ಭಾನುವಾರ ಯಾರನ್ನೂ ಕರೀಬೇಡಿ."

ಚಿಕ್ಕಪ್ಪ ತಮ್ಮ ಎಲೆಗಳ ಹಿಂದೆ ಮುಖ ಮುಚ್ಚಿಕೊಂಡರು. ನನಗೆ ಒಳಗೆಲ್ಲೋ ಹಗುರವಾಗಿಬಿಟ್ಟಿತ್ತು.

ಅಪ್ಪ ಎಲೆಯನ್ನು ಎತ್ತಿಕೊಂಡು ನೋಡಿದರು, ತಿರುಗಿಸಿ ಬೆನ್ನನ್ನೂ ನೋಡಿದರು. ತಪ್ಪು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ಏನ್ಲಾ ಅಂಗ್ ನೋಡ್ತೀಯ" ಎಂದಳು ಅಜ್ಜಿ. "ಮಧ್ಯಾಹ್ನದಿಂದ ಬಾರಪ್ಪ, ನಮ್ಮನೆಗೆ ಬಾರಪ್ಪ ಅಂತ ಕರ್ದೋನು ನೀನೇ ತಾನೆ? ಹೊಸತೊಡಕಿನ ದಿನ ಏನ್ ಮಾಡಿದ್ರೂ ವರ್ಷೆಲ್ಲಾ ಅದೇ ನಡೀತದೆ ಅಂತ ನಮಗೆಲ್ಲ ಬುದ್ಧಿ ಹೇಳೋನೂ ನೀನೇ. ಕರ್ದಾಯ್ತು, ಇನ್ನು ವರ್ಷೆಲ್ಲಾ ಬತ್ತಾನೆ ಬುಡು."

ಚಿಕ್ಕಪ್ಪನ ಎಲೆಗಳ ಹಿಂದಿನಿಂದ ಕಿಸಕ್ಕೆಂದು ಸದ್ದು ಬಂತು. ಅಪ್ಪ ಅತ್ತ ದುರುಗುಟ್ಟಿ ನೋಡಿ, ನನ್ನ ಕಡೆ ಕೈ ಚಾಚಿದರು. "ಹಾಕು ಅವ್ನಿಗೆ ಫೋನು."

ಹಾಕಿಕೊಟ್ಟೆ.

"ನಾನು ಭಾನೂ ಅವರಪ್ಪ. ಇಪ್ಪತ್ತೆಂಟು ಆಡಕ್ಕೆ ಬತ್ತದೇನಪ್ಪ?"

ಆ ಕಡೆಯಿಂದ ಪ್ರಭುವಿನ ಒಣಗಿದ ದನಿ ನಮಗೆಲ್ಲ ಕೇಳಿಸಿತು. "ಬರಲ್ಲ ಸಾರ್. ಕಲ್ತ್ಕೋತೀನಿ ಸಾರ್."

ಅಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದು ನಮ್ಮನ್ನೆಲ್ಲ ನೋಡಿದರು. "ಆಡಕ್ಕೇ ಬರಲ್ವಂತೆ" ಎಂದರು. ಇನ್ನೇನು ಮುಗಿಯಿತು, ಕೆಂಪು ಪೆನ್ನು ಎಂದುಕೊಂಡೆ. ಅವರ ಮೀಸೆಯ ತುದಿ ಅದುರಿತು. ಅಂಗೈ ತೆಗೆದು "ಭಾನುವಾರ ಬಂದ್ಬುಡು, ಹೇಳ್ಕೊಡ್ತೀನಿ" ಎಂದರು. "ಕಾಫಿ ಹೆಂಗ್ ಕುಡೀತೀಯ, ಅದ್ನೂ ನೋಡ್ಬೇಕು" ಎಂದು ಸೇರಿಸಿದರು.

ಆಟವನ್ನು ನಾವು ಸೋತೆವು. ಹಿತ್ತಲಿನಲ್ಲಿ ಅಜ್ಜಿ ಸೌಟು ಉಜ್ಜುತ್ತಾ ಒಬ್ಬಳೇ ನಗುತ್ತಿದ್ದಳು. ನಾನು ಬಾಡಿನ ದೊಡ್ಡ ಪಾತ್ರೆಯನ್ನು ಬದಿಗಿಟ್ಟು, ಜಿಡ್ಡು ಕೈಯಲ್ಲೇ ಪ್ರಭುವಿಗೊಂದು ಮೆಸೇಜು ಹಾಕಿದೆ: ಭಾನುವಾರ ಏನು ಕುಡೀತೀಯ ಅಂತ ಕೇಳಿದರೆ, ಮಜ್ಜಿಗೆ ಅನ್ನು.