ಕುಸುಬಿ ಎಣ್ಣೆ ಹಚ್ಚಿದ ರಂದಾ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿರುವ ಚನ್ನವೀರಪ್ಪನವರ ಫರ್ನಿಚರ್ ಕಾರ್ಖಾನೆಯಲ್ಲಿ ಪೂನಮ ಆರು ವರ್ಷದಿಂದ ಪಾಲಿಶ್ ಹಚ್ಚುತ್ತಿದ್ದಳು. ಅಲ್ಲಿ ಗಂಡಸರು ಮುಂದಿನ ಶೆಡ್ಡಿನಲ್ಲಿ ಕೊಯ್ದು, ಹೆರೆದು, ಜೋಡಿಸಿ ಮಿಸ್ತ್ರಿ ಎನಿಸಿಕೊಳ್ಳುವುದು. ಹೆಂಗಸರು ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಅದನ್ನೇ ತಿಕ್ಕಿ ತಿಕ್ಕಿ ಮಿರುಗಿಸುವುದು. ಮಿರುಗು ನೋಡಿ ಗಿರಾಕಿ ಖುಷಿಪಟ್ಟರೆ ಹೊಗಳಿಕೆಯೆಲ್ಲ ಮುಂದಿನ ಶೆಡ್ಡಿಗೆ. ಈ ನ್ಯಾಯ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನ ಕೈಗೆ ಒಂದು ದಿನವೂ ಥಿನ್ನರ್ ಹತ್ತಿರಲಿಲ್ಲ ಎಂಬುದಂತೂ ಖರೆ.

ಪೂನಮಳಿಗೆ ಮಿಸ್ತ್ರಿಯಾಗಬೇಕಿತ್ತು. ಅದು ಆಸೆಯಲ್ಲ, ಹಟ. ಅವಳ ಅಪ್ಪ ಬಂಡೆಪ್ಪ ಅಕ್ಕಲಕೋಟ ತಾಲೂಕಿನ ಕುರನೂರಿನ ಬಡಿಗ. ಚಿಕ್ಕವಳಿದ್ದಾಗ ಅಪ್ಪನೆದುರು ಕೂತು ಹಲಗೆಯ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಅಪ್ಪ ಊಟಕ್ಕೆ ಎದ್ದರೆ ಅವನ ಉಜ್ಜುಗೊರಡು, ಅದೇ ರಂದಾ, ಎತ್ತಿಕೊಂಡು ತಾನೇ ಹೆರೆಯುತ್ತಿದ್ದಳು. ಹಾಗೆ ಕದ್ದು ಕಲಿತ ಕೈ ಅದು. ಈ ಸಲ ಮುಂದಿನ ಶೆಡ್ಡಿನ ಒಬ್ಬ ಮಿಸ್ತ್ರಿ ಕೆಲಸ ಬಿಟ್ಟು ಪುಣೆಗೆ ಹೋದದ್ದೇ ತಡ, ಮಾಲಕರ ಮುಂದೆ ಹೋಗಿ ಆ ಜಾಗ ತನಗೆ ಕೊಡಿ ಎಂದು ಕೇಳಿಬಿಟ್ಟಳು.

ಚನ್ನವೀರಪ್ಪ ಕೆಟ್ಟವರಲ್ಲ, ಬೇಡ ಎನ್ನಲು ಬಾಯಿ ಬಾರದವರು. ಮಿಸ್ತ್ರಿ ಎಂದ ಮೇಲೆ ಸ್ವಂತ ಹತ್ಯಾರ ಇರಬೇಕು, ಇದು ಮೊದಲಿನಿಂದ ಬಂದ ಪದ್ಧತಿ, ನಿನ್ನ ಹತ್ಯಾರ ತೋರಿಸು, ಆಮೇಲೆ ನೋಡೋಣ ಎಂದರು. ಅಲ್ಲಿಗೆ ಮಾತು ಮುಗಿಯಿತೆಂದೇ ಅವರ ಲೆಕ್ಕ. ಮರುದಿನ ಪೂನಮ ಹಳೆಯ ಧೋತರದಲ್ಲಿ ಸುತ್ತಿದ ಅಪ್ಪನ ಕಬ್ಬಿಣದ ರಂದಾವನ್ನು ತಂದು ಅವರ ಮೇಜಿನ ಮೇಲೆ ಇಟ್ಟಳು.

ಧೋತರ ಬಿಚ್ಚಿದಾಗ ಮುಂದಿನ ಶೆಡ್ಡಿನವರೆಲ್ಲ ಬಂದು ಬಗ್ಗಿ ನೋಡಿದರು. ರಂದಾದ ಮೈತುಂಬ ಕಂದು ಬಣ್ಣದ ದಪ್ಪ ಹಕ್ಕಳೆ. ಕಣ್ಣು ಮಂಜಾಗಿ ಬಂಡೆಪ್ಪ ಕೆಲಸ ಬಿಟ್ಟು ಮಗಳ ಮನೆಗೆ ಬಂದು ಹನ್ನೊಂದು ವರ್ಷ. ಆದರೂ ದಸರೆಯ ಹಿಂದಿನ ದಿನ, ಖಂಡೇನವಮಿಗೆ, ಹತ್ಯಾರ ಪೂಜೆ ತಪ್ಪಿಸಿದವನಲ್ಲ. ಅಲಗಿನ ತುದಿಗೆ ನೀರಲ್ಲಿ ಕಲಸಿದ ಕುಂಕುಮ, ಉಳಿದ ಮೈಗೆಲ್ಲ ಕೈತುಂಬ ಕುಸುಬಿ ಎಣ್ಣೆ. ಪಲ್ಯಕ್ಕೂ ಅದೇ, ತಲೆಗೂ ಅದೇ, ದೀಪಕ್ಕೂ ಅದೇ ಹಾಕುವ ಊರಿನವನು ಕಬ್ಬಿಣಕ್ಕೆ ಬೇರೆ ಎಣ್ಣೆ ಎಲ್ಲಿಂದ ತಂದಾನು.

ಹಿರಿಯ ಮಿಸ್ತ್ರಿ ಯೋಗಿರಾಜ ರಂದಾವನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದ.

"ಇದನ್ನ ಹಳೇ ಕಬ್ಬಿಣದ ಭಂಗಾರದಾಂವನೂ ಒಯ್ಯಾಂಗಿಲ್ಲ, ಪೂನಮ. ಒಯ್ಯಪಾ ಅಂತ ನಾವ ಅಂವಗ ಚಹಾ ಕುಡಸಬೇಕಾಗ್ತೈತಿ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಾಲಕರೂ ಮೀಸೆಯಲ್ಲೇ ನಕ್ಕು, ಹೋಗವ್ವ, ಪಾಲಿಶ್ ಉಳಿದದ್ದು ಮುಗಿಸು ಎಂದರು. ಪೂನಮಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವಮಾನ ತನಗಾಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ನಕ್ಕದ್ದು ಅಪ್ಪನ ರಂದಾಕ್ಕೆ.

ಹಿಂದಿನ ಶೆಡ್ಡಿಗೆ ಬಂದು ಮತ್ತೆ ಧೋತರ ಸುತ್ತುವಾಗ ಅವಳ ಹೆಬ್ಬೆರಳಿನ ಉಗುರು ಹಕ್ಕಳೆಗೆ ತಾಗಿತು. ಒಂದು ಚೂರು ಎದ್ದು ಬಂತು. ಪೂನಮ ಬೆರಳು ನೋಡಿಕೊಂಡಳು, ಸ್ವಚ್ಛವಿತ್ತು. ತುಕ್ಕು, ಅಂದರೆ ಜಂಗು, ಆಗಿದ್ದರೆ ಕೆಂಪು ಪುಡಿ ಹತ್ತಬೇಕಿತ್ತು. ಎದ್ದ ಚೂರನ್ನು ಬಿಸಿಲಿಗೆ ಹಿಡಿದಳು. ಬೆಳಕು ಆಚೆ ಹಾದುಹೋಯಿತು. ಇಂಥದ್ದನ್ನು ಅವಳು ಹಳೆಯ ಬಾಗಿಲುಗಳ ಮೇಲಿಂದ ಎಷ್ಟು ಸಲ ಕೆರೆದಿಲ್ಲ. ಅಗಸೆ ಎಣ್ಣೆ ಬಳಿದರೆ ವರ್ಷಗಳಲ್ಲಿ ಒಣಗಿ ಹೀಗೇ ಪೊರೆಗಟ್ಟುತ್ತದೆ. ಕುಸುಬಿ ಎಣ್ಣೆಯದೂ ಅದೇ ಗುಣ. ಮುಂದಿನ ಶೆಡ್ಡಿನ ಅಷ್ಟೂ ಮಿಸ್ತ್ರಿಗಳಿಗೆ ಜಂಗು ಕಂಡಲ್ಲಿ ಪಾಲಿಶ್‌ನವಳಿಗೆ ಪಾಲಿಶ್ ಕಂಡಿತು.

ಹಳೆಯ ಬಣ್ಣ ತೆಗೆಯುವ ರಿಮೂವರ್ ಡಬ್ಬಿ ಕೈಯಳತೆಯಲ್ಲೇ ಇತ್ತು. ಬ್ರಶ್ಶಿನಲ್ಲಿ ಬಳಿದು, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಬಟ್ಟೆಯಲ್ಲಿ ಒರೆಸಿದಳು. ಹನ್ನೊಂದು ವರ್ಷದ ಎಣ್ಣೆ ಒಂದೇ ಎಳೆತಕ್ಕೆ ಬಂತು. ಅಡಿಯಲ್ಲಿ ಕಬ್ಬಿಣ ಬೆಳ್ಳಗೆ, ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಪೂನಮ ಒಬ್ಬಳೇ ಕೂತು ನಕ್ಕಳು.

ಅಲಗು ಮಾತ್ರ ಹಾಗಿರಲಿಲ್ಲ. ರವಿವಾರ ಮನೆಯಲ್ಲಿ ಬಿಚ್ಚಿ ನೋಡಿದರೆ ಬಾಯಿಯ ತುದಿಯಲ್ಲಿ ಸಣ್ಣ ಸಣ್ಣ ಗುಂಡಿಗಳು, ಅದು ನಿಜವಾದ ಜಂಗು. ಪೂಜೆಯ ಕುಂಕುಮದ ನೀರೇ ಕಾರಣ ಎಂದಿದ್ದಕ್ಕೆ ಬಂಡೆಪ್ಪನಿಗೆ ಸಿಟ್ಟು ಬಂತು.

"ಹನ್ನೊಂದ ವರ್ಸ ದೇವರಂತ ಪೂಜಿ ಮಾಡೀನಿ. ಅದೂ ತಪ್ಪಂತೀ?"

"ನಿನ್ನ ಎಣ್ಣಿನ ಇದನ್ನ ಉಳಿಸೇತಿ, ಅಪ್ಪಾ. ಕುಂಕುಮ ಹಚ್ಚಿದಲ್ಲೆ ಎಣ್ಣಿ ಬಿದ್ದಿಲ್ಲ, ಅಲ್ಲೆ ಅಷ್ಟ ಜಂಗ ತಿಂದೈತಿ."

"ಕುಂಕುಮದ ಮ್ಯಾಲ ಎಣ್ಣಿ ಹೆಂಗ ಹಚ್ಚಲಿ? ಅಳಸಿ ಹೋಗ್ತೈತಲ್ಲ."

ಪೂನಮ ಅವನ ಬೆರಳನ್ನು ಗುಂಡಿಗಳ ಮೇಲಿಟ್ಟು ತೋರಿಸಿದಳು. ಮುಖ ತಿರುಗಿಸಿದ ಬಂಡೆಪ್ಪ ಆಮೇಲೆ ತಾನೇ ಸಾಣೆಕಲ್ಲು ಕೇಳಿದ. ಗುಂಡಿಗಳು ಹೋಗುವ ತನಕ ಅಲಗನ್ನು ಸವೆಸಬೇಕು, ಅದೂ ಕೈಯಲ್ಲೇ. ಮಷೀನಿಗೆ ಹಿಡಿದರೆ ಉಕ್ಕು ಕಾದು ನೀಲಿಯಾಗಿ ಗಡಸುತನ ಕಳೆದುಕೊಳ್ಳುತ್ತದೆ ಎಂದ. ಬೆಳಿಗ್ಗೆ ಕೂತವಳು ಊಟಕ್ಕೆ ಮಾತ್ರ ಎದ್ದಳು. ಅವನು ಆಗಾಗ ಅಲಗನ್ನು ಇಸಿದುಕೊಂಡು ಹೆಬ್ಬೆರಳ ಮೇಲೆ ಅಡ್ಡ ಎಳೆದು ನೋಡಿ, ಇನ್ನೂ ಇಲ್ಲ ಎಂದು ವಾಪಸು ಕೊಡುತ್ತಿದ್ದ. ಹೊತ್ತು ಇಳಿಯುವಾಗ ತನ್ನ ಮುಂಗೈಯ ರೋಮದ ಮೇಲೆ ಅಲಗು ಆಡಿಸಿದ. ರೋಮ ಉದುರಿದವು. ಇನ್ನೊಂದು ಕೈಯ ಮೇಲೂ ಹಾಗೇ ಮಾಡಿ ನೋಡಿದ.

ಕಲ್ಲಿನ ನೀರು ಒರೆಸಿ, ಅಲಗನ್ನು ಬಿಸಿಲಲ್ಲಿ ಒಣಗಿಸಿ, ಪಕ್ಕದ ಮನೆಯವರಿಂದ ಮಗ್ಗಕ್ಕೆ ಹಾಕುವ ತೆಳು ಎಣ್ಣೆ ತಂದು ಸವರಿದಳು. ಅದು ಒಣಗಿ ಪೊರೆಗಟ್ಟುವುದಿಲ್ಲ. ಕುಸುಬಿ ಎಣ್ಣೆ ಇನ್ನು ಪಲ್ಯಕ್ಕೆ ಮಾತ್ರ ಎಂದು ಅಪ್ಪನನ್ನು ಒಪ್ಪಿಸಿದ್ದು ಅಲಗು ಹರಿತ ಮಾಡಿದ್ದಕ್ಕಿಂತ ದೊಡ್ಡ ಕೆಲಸ.

ಆ ವಾರ ಕಾರ್ಖಾನೆಗೆ ಅಕ್ಕಲಕೋಟದ ಜಮೀನುದಾರರ ಮನೆಯ ಗುರುಬಾಯಿಯವರ ತಲೆಬಾಗಿಲು ದುರಸ್ತಿಗೆ ಬಂದಿತ್ತು. ಅವರ ಅತ್ತೆಯ ಕಾಲದ ಸಾಗವಾನಿ. ಉಬ್ಬಿದ ಜಾಗ ಹೆರೆದು ಸಮ ಮಾಡಬೇಕು. ಯೋಗಿರಾಜ ಕರೆಂಟಿನ ರಂದಾ ಹಿಡಿದ. ಹಲಗೆಯಲ್ಲಿ ಒಂದು ಗಂಟಿತ್ತು, ಅದರ ಹತ್ತಿರ ಮರದ ಎಳೆಗಳು ತಿರುವಿಕೊಂಡಿದ್ದವು. ಮಷೀನು ಅಲ್ಲಿಗೆ ಬಂದದ್ದೇ ನಾರು ನಾರಾಗಿ ಕಿತ್ತು ಹಾಕಿತು. ಆ ಕಡೆಯಿಂದ ಬಂದರೂ ಕಿತ್ತಿತು, ಈ ಕಡೆಯಿಂದ ಬಂದರೂ ಕಿತ್ತಿತು. ಪಾಲಿಶ್ ಪೇಪರಿನಿಂದ ತಿಕ್ಕುತ್ತ ಹೋದರೆ ಅಲ್ಲೊಂದು ತಗ್ಗು ಬೀಳುತ್ತದೆ. ಚನ್ನವೀರಪ್ಪ ತಲೆಯ ಮೇಲೆ ಕೈಹೊತ್ತು ಕೂತರು.

ಪೂನಮ ರಂದಾ ತಂದು ನಿಂತಳು. ತಾನೊಮ್ಮೆ ನೋಡಲೇ ಎಂದಳು. ಯೋಗಿರಾಜನಿಗೆ ನಗು ಬರಲಿಲ್ಲ, ರಂದಾ ಬೆಳ್ಳಗಿತ್ತು. ಇದಕ್ಕಿಂತ ಹೆಚ್ಚು ಏನು ಕೆಟ್ಟೀತು ಎಂದು ಮಾಲಕರು ಕೈಸನ್ನೆ ಮಾಡಿದರು.

ಅಲಗಿನ ಬೆನ್ನಿಗೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದನ್ನು ಬಾಯಿಯ ತೀರ ಅಂಚಿಗೆ ಸರಿಸಿದರೆ ನಾರು ಕೀಳುವ ಮೊದಲೇ ಮಡಚಿ ಮುರಿಯುತ್ತದೆ. ಅಪ್ಪ ಗಂಟಿನ ಮರಕ್ಕೆ ಹಾಗೇ ಮಾಡುತ್ತಿದ್ದ. ಪೂನಮ ಪಟ್ಟಿಯನ್ನು ಕೂದಲಷ್ಟು ಅಂತರಕ್ಕೆ ತಂದು ಬಿಗಿದಳು. ಸರಾಗ ಜಾರಲೆಂದು ರಂದಾದ ಅಡಿಗೆ ಮೇಣಬತ್ತಿ ಉಜ್ಜಿದಳು. ಮೊದಲ ಎಳೆತ ಸುಮ್ಮನೆ ಜಾರಿತು. ಹಿಂದೆ ಯಾರೋ ಕೆಮ್ಮಿದರು. ಅಲಗನ್ನು ತುಸು ಇಳಿಸಿದಳು, ಪುಡಿ ಬಂತು. ಇನ್ನೂ ತುಸು ಇಳಿಸಿ, ಮೈಭಾರವೆಲ್ಲ ಕೊಟ್ಟು, ಗಂಟಿನ ಮೇಲೆಯೇ ನೂಕಿದಳು. ರಂದಾ ಸರ್ರನೆ ಹಾಡುತ್ತ ಹೋಯಿತು, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳನೆಯ ಸುರುಳಿ ಎದ್ದು ಅವಳ ಮುಂಗೈ ಮೇಲೆ ಬಿತ್ತು. ಗಂಟು ಕನ್ನಡಿಯಾಯಿತು. ಅವಳು ಸುರುಳಿ ಕೊಡವಿ ಮತ್ತೆ ನೂಕಿದಳು. ಸಂಜೆಯವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ. ಕರೆಯಲು ಬಂದ ಪಾಲಿಶ್‌ನ ಹೆಂಗಸರೂ ಅಲ್ಲೇ ನಿಂತುಬಿಟ್ಟರು.

ಶುಕ್ರವಾರ ಮಾಲಕರು, ಯೋಗಿರಾಜ, ಪೂನಮ ಟೆಂಪೋದಲ್ಲಿ ಬಾಗಿಲು ಒಯ್ದು ಅಕ್ಕಲಕೋಟದಲ್ಲಿ ಕೂಡಿಸಿದರು. ಗುರುಬಾಯಿ ಹಲಗೆಯ ಮೇಲೆ ಅಂಗೈ ಆಡಿಸಿದರು, ಗಂಟಿನ ಹತ್ತಿರ ನಿಲ್ಲಿಸಿದರು, ಮತ್ತೆ ಆಡಿಸಿದರು. ಒಳಗೆ ಹೋಗಿ ಮಿಸ್ತ್ರಿಗೆಂದು ತಂದಿಟ್ಟಿದ್ದ ತಾಟು ತಂದರು: ತೆಂಗಿನಕಾಯಿ, ಟಾವೆಲ್ಲು, ಬಿಳಿ ಟೊಪ್ಪಿಗೆ. ಬಾಗಿಲು ಕೂಡಿಸಿದ ಮಿಸ್ತ್ರಿಗೆ ಈ ಮಾನ ಮಾಡುವುದು ಅಲ್ಲಿಯ ರಿವಾಜು. ತಾಟು ಯೋಗಿರಾಜನ ಮುಂದೆ ಬಂತು. ಅವನು ಹಿಂದೆ ಸರಿದ.

"ಮಿಸ್ತ್ರಿ ನಾ ಅಲ್ರಿ, ಅವ್ವಾರ. ಈ ಬಾಗಲಾ ಹೆರದಾಕಿ ಅಕಿ."

ಗುರುಬಾಯಿ ಪೂನಮಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಣ್ಣುಮಗಳಿಗೆ ಟೊಪ್ಪಿಗೆ ಹೇಗೆ ಕೊಡಲಿ, ತಡಿ, ಸೀರೆ ತರುತ್ತೇನೆ ಎಂದು ಒಳಗೆ ತಿರುಗಿದರು.

"ಸೀರಿ ಬ್ಯಾಡ್ರಿ, ಅವ್ವಾರ. ಮಿಸ್ತ್ರಿಗಿ ಏನ ತಂದೀರಿ, ಅದನ್ನ ಕೊಡ್ರಿ."

ಗುರುಬಾಯಿ ಹೊಸ್ತಿಲಿನಿಂದಲೇ ತಿರುಗಿ ಬಂದರು. ಬಾಯಿತುಂಬ ನಕ್ಕು, ಟಾವೆಲ್ಲನ್ನು ಅವಳ ಹೆಗಲಿಗೆ ಹಾಕಿ, ಟೊಪ್ಪಿಗೆಯನ್ನು ತಾವೇ ಅವಳ ತಲೆಗೆ ಇಟ್ಟು ಎರಡೂ ಕೈಯಿಂದ ಸರಿಮಾಡಿದರು. ಚನ್ನವೀರಪ್ಪ, ನಾಳೆಯಿಂದ ಮುಂದಿನ ಶೆಡ್ಡಿಗೆ ಬಾ ಎಂದರು.

ಪೂನಮ ಟೊಪ್ಪಿಗೆ ತೆಗೆಯಲಿಲ್ಲ. ಸೊಲ್ಲಾಪುರ ಮುಟ್ಟುವವರೆಗೂ ಟೆಂಪೋದ ಗಾಳಿಗೆ ಅದು ಹಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದೇ ಕೂತಿದ್ದಳು.