ಒಳಗೆ ಬಿಟ್ಟ ಬಟ್ಟೆ

ದರ್ಜಿ ಸತ್ತು ಒಂದೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಅವನ ತಂಗಿ ಹನ್ನೊಂದು ಸೂಚನೆಗಳನ್ನು ಕಂಡಿದ್ದಳು. ಕಿಟಕಿಗೆ ಚಿಟ್ಟೆ ಬಂದರೆ ಅಣ್ಣ, ದೀಪ ಮಿಣುಕಿದರೆ ಅಣ್ಣ, ಬಸ್ ಟಿಕೆಟ್ಟಿನ ಮೇಲೆ ಅವನು ಹುಟ್ಟಿದ ತಾರೀಕು ಬಂದರಂತೂ ಸಾಕ್ಷಾತ್ ಅಣ್ಣನೇ. ಬದುಕಿದ್ದಾಗ ಊಟಕ್ಕೆ ಕರೆದರೂ ಮಿಷನ್ ಬಿಟ್ಟು ಏಳದ ಆಸಾಮಿ ಈಗ ಚಿಟ್ಟೆಯಾಗಿ ಬೀದಿ ಸುತ್ತುತ್ತಾನಂತೆ. ಕೇಳಿ ಕೇಳಿ ದರ್ಜಿಯ ಹೆಂಡತಿಗೆ ಮೈ ಉರಿಯುತ್ತಿತ್ತು.

ಅವಳಿಗೂ ಹೊಲಿಗೆ ಬರುತ್ತಿತ್ತು. ಆದರೆ ಅವನಿಲ್ಲದೆ ಆ ಮಿಷನ್ನಿನ ಮುಂದೆ ಕೂರುವುದು ತನ್ನಿಂದಾಗದು ಎಂದು ಅದನ್ನು ಮಾರಿ ಅಂಗಡಿ ಮುಚ್ಚಲು ಹೊರಟಿದ್ದಳು. ಕೊಳ್ಳುವವನು ನಾಲ್ಕು ಗಂಟೆಗೆ ಬರುತ್ತೇನೆಂದಿದ್ದ. ನಾಲ್ಕಕ್ಕೆ ಬಂದದ್ದು ಅಂಚೆಯಣ್ಣ, ಕಂಕುಳಲ್ಲಿ ಖಾಕಿ ಪ್ಯಾಂಟು.

"ಸೊಂಟ ಬಿಗಿಯಾಗಿದೆ, ಅಕ್ಕ. ಅವರೇ ಹೊಲಿದಿದ್ದು. ಸ್ವಲ್ಪ ಬಿಚ್ಚಿಕೊಡ್ತೀರಾ?"

ನಾದಿನಿಯ ಕಣ್ಣು ಅರಳಿತು. "ನೋಡಿದ್ರಾ ಅತ್ತಿಗೆ? ಇವತ್ತೇ, ಸರಿಯಾಗಿ ಇದೇ ಹೊತ್ತಿಗೆ. ಅಣ್ಣನೇ ಕಳಿಸಿದ್ದು."

"ಇವರನ್ನ ಕಳಿಸಿದ್ದು ನಿಮ್ಮಣ್ಣ ಅಲ್ಲಮ್ಮ, ಇವರ ಹೊಟ್ಟೆ."

ಅಂಚೆಯಣ್ಣ ಹೊಟ್ಟೆಯನ್ನು ಒಳಗೆಳೆದುಕೊಂಡ. ಅವಳ ಮಾತು ಅಷ್ಟಕ್ಕೇ ನಿಲ್ಲಲಿಲ್ಲ.

"ಇಷ್ಟೆಲ್ಲ ಸೂಚನೆ ಕಳಿಸೋರು, ಅವತ್ತು ಎದೆ ನೋಯ್ತಿದೆ ಅಂತ ಒಂದು ಮಾತು ಹೇಳ್ಬಾರದಾಗಿತ್ತಾ? ನಾನು ಪಕ್ಕದ ಕೋಣೇಲೇ ಇದ್ದೆ. ಕೂಗಿದ್ರೆ ಸಾಕಾಗಿತ್ತು. ಈಗ ಚಿಟ್ಟೆ ಕಟ್ಟಿಕೊಂಡು ನಾನೇನು ಮಾಡ್ಲಿ?"

ಈ ಪೀಡೆ ಮುಗಿದರೆ ಸಾಕೆಂದು ಅವಳು ಬ್ಲೇಡು ಹಿಡಿದು ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಚ್ಚಿದಳು.

ಒಳಗೆ ಎರಡಿಂಚು ಬಟ್ಟೆ ಮಡಚಿಕೊಂಡಿತ್ತು. ಅದರ ಮೇಲೆ ಹಳದಿ ದಾರದಲ್ಲಿ ಇಂಚಿಗೊಂದರಂತೆ ಎರಡು ಗೆರೆ: ಮೊದಲ ಸಲ ಇಲ್ಲಿಯವರೆಗೆ, ಮುಂದಿನ ಸಲ ಅಲ್ಲಿಯವರೆಗೆ. ಇಷ್ಟೊಂದು ಬಟ್ಟೆ ಯಾಕೆ ದಂಡ ಮಾಡ್ತೀರಿ ಎಂದು ಅವಳು ಎಷ್ಟು ಸಲ ಜಗಳ ಕಾದಿದ್ದಳೋ. "ಮನುಷ್ಯ ಇದ್ದ ಹಾಗೇ ಇರ್ತಾನೇನೇ?" ಎನ್ನುತ್ತಿದ್ದ ಅವನು.

"ಕಂಡೋರ ಹೊಟ್ಟೆಗೆ ಎರಡಿಂಚು ಬಿಟ್ಟಿದ್ದೀರಿ," ಎಂದಳು ಪ್ಯಾಂಟಿಗೆ. "ನನಗೇನು ಬಿಟ್ರಿ?"

ಒಂದೂವರೆ ತಿಂಗಳಿಂದ ಕಲ್ಲಾಗಿದ್ದವಳು ಖಾಕಿ ಬಟ್ಟೆಗೆ ಮುಖ ಒತ್ತಿ ಅತ್ತಳು. ಚಿಟ್ಟೆಯನ್ನು ಯಾರೂ ಕಳಿಸಿರಲಿಲ್ಲ. ಆದರೆ ಈ ಗೆರೆಗಳನ್ನು ಅವನು ತನ್ನ ಕೈಯಾರೆ, ಮುಂದಿನದನ್ನು ಯೋಚಿಸಿ ಎಳೆದಿದ್ದ. ಅತ್ತು ಮುಗಿಸಿ, ಸೆರಗಿನಿಂದ ಮೂಗೊರೆಸಿಕೊಂಡು, ಮಿಷನ್ನಿನ ಮುಂದೆ ಕೂತಳು.

ನಾದಿನಿ ಬಾಯಿ ತೆರೆದಳು.

"ಸೂಚನೆ ಗೀಚನೆ ಅಂದ್ರೆ ನೋಡು. ಬಾ, ಪ್ಯಾಂಟಿನ ಈ ಕಿತ್ತುಬಂದ ಗುಂಡಿ ಹಾಕು."

ಅರ್ಧ ಗಂಟೆ ತಡವಾಗಿ ಮಿಷನ್ ಕೊಳ್ಳುವವನು ಬಂದು ಬಾಗಿಲಲ್ಲಿ ನಿಂತ. "ಎತ್ತಿಸಲಾ, ಅಮ್ಮ?"

"ಬೇಡ," ಎಂದಳು, ಪೆಡಲಿನಿಂದ ಕಾಲು ತೆಗೆಯದೆ. "ಬಿಚ್ಚೋದು ಇನ್ನೂ ಒಂದಿಂಚು ಇದೆ."