ಅಮ್ಮನ ಮನೆಯ ತಿರುವು

ಎಲ್ವಿರಾ ತಟ್ಟೆಯ ತುಂಬ ಬೀನ್ಸ್ ಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಗ್ಯಾರೇಜಿನ ಬಾಗಿಲಿನಿಂದ ಕೆಂಪು ಆಟಿಕೆ ಕಾರೊಂದು ಸರ್ರನೆ ಜಾರಿ ಬಂದು ಅವಳ ಚಪ್ಪಲಿಗೆ ಬಡಿಯಿತು.

"ಏ ಮುದುಕಾ, ನಿನ್ನ ಗಾಡಿ ಅಡುಗೆಮನೆಗೇ ಬಂತು! ಊಟಕ್ಕೆ ಕೂರಿಸ್ಲಾ?"

"ಕೂರಿಸು ಮುದುಕಿ. ಖಾರ ಕಮ್ಮಿ ಹಾಕು, ಇನ್ನೂ ಚಿಕ್ಕದು ಅದು," ಎಂದ ಒಳಗಿನಿಂದ ಗಂಡ ರುಫಿನೊ.

ಅವಳು ಕಾರು ಎತ್ತಿಕೊಂಡು ಹೋದಳು. ಎಷ್ಟು ಸಲ ನೋಡಿದ್ದರೂ ಆ ಬಾಗಿಲು ದಾಟುವಾಗ ಅವಳ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಜೀವಮಾನವಿಡೀ ಸಿಟಿ ಬಸ್ಸು ಓಡಿಸಿದವನು, ನಿವೃತ್ತನಾದ ಮೇಲೆ ಆ ಊರನ್ನೇ ಗ್ಯಾರೇಜಿನೊಳಗೆ ಕಟ್ಟಿ ನಿಲ್ಲಿಸಿದ್ದ. ಪ್ಲೈವುಡ್ಡಿನ ಹೆದ್ದಾರಿಗಳು ಒಂದರ ಮೇಲೊಂದು ಹಾದು, ಬೇರೆಯಾಗಿ, ಸುತ್ತಿ ಬಂದು ಮತ್ತೆ ಸೇರುತ್ತಿದ್ದವು. ಬಿಸ್ಕತ್ತಿನ ಡಬ್ಬಿಗಳೇ ಕಟ್ಟಡಗಳು, ಒಡೆದ ಸೀಸೆಯ ಚೂರುಗಳೇ ಕಿಟಕಿಗಳು. ಅಯಸ್ಕಾಂತ ಕೂರಿಸಿದ ಪಟ್ಟಿಯೊಂದು ಕಾರುಗಳನ್ನು ಸಾಲಾಗಿ ಸೂರಿನೆತ್ತರಕ್ಕೆ ಎಳೆದೊಯ್ದು ಬಿಟ್ಟುಬಿಡುತ್ತಿತ್ತು. ಅಲ್ಲಿಂದ ಅವು ಎಂಜಿನ್ನಿನ ಹಂಗಿಲ್ಲದೆ, ಬರೀ ಇಳಿಜಾರನ್ನು ನಂಬಿಕೊಂಡು ಊರೆಲ್ಲ ಸುತ್ತಿ ಕೆಳಗಿಳಿಯುತ್ತಿದ್ದವು. ನೂರಾರು ಪುಟ್ಟ ಗಾಲಿಗಳ ಸದ್ದು ಎಲ್ಲೋ ಹೊಳೆ ಹರಿದ ಹಾಗೆ ಕೇಳುತ್ತಿತ್ತು. ಇಷ್ಟನ್ನೆಲ್ಲ ಈ ಮನುಷ್ಯ ಇಷ್ಟು ವರ್ಷ ತಲೆಯೊಳಗೆ ಎಲ್ಲಿ ಇಟ್ಟುಕೊಂಡಿದ್ದನೋ!

ಕಾರು ಬೀಳುತ್ತಿದ್ದುದು ಒಂದೇ ಕಡೆ. ಬಾಯ್ಲ್ ಹೈಟ್ಸ್ ಬಡಾವಣೆಯ ಮೇಲೆ ನೆಟ್ಟಗೆ ಹೋಗಬೇಕಾದ ಹೆದ್ದಾರಿ ಗಕ್ಕನೆ ತಿರುಗಿ, ಬೆಂಕಿಪೊಟ್ಟಣದಷ್ಟು ದೊಡ್ಡ, ಹಳದಿ ಬಾಗಿಲಿನ ಮನೆಯೊಂದನ್ನು ಬಳಸಿಕೊಂಡು ಹೋಗುತ್ತಿತ್ತು. ಅದು ರುಫಿನೊನ ತಾಯಿಯ ಮನೆ. ನಿಜವಾದ ಹೆದ್ದಾರಿ ಹಾಗೆ ತಿರುಗಿರಲಿಲ್ಲ. ಅವನು ಹುಡುಗನಾಗಿದ್ದಾಗ ಆ ಮನೆಯನ್ನು ಕೆಡವಿಕೊಂಡೇ ಮುಂದೆ ಹೋಗಿತ್ತು.

ಮ್ಯೂಸಿಯಂ ಒಂದರವರು ಬಂದು ನೋಡಿ ಬೆರಗಾಗಿ, ಇದನ್ನು ನಮಗೆ ಕೊಡಿ, ಸದಾ ಓಡುವಂತೆ ನೋಡಿಕೊಳ್ಳುತ್ತೇವೆ ಎಂದು ಬರೆದು ತಿಂಗಳುಗಳೇ ಆಗಿದ್ದವು. ಕಾರು ಬೀಳಬಾರದು, ಆ ತಿರುವು ತೆಗೆದರೆ ಒಳ್ಳೆಯದು ಎಂದಷ್ಟೇ ಅವರ ಕೋರಿಕೆ. ರುಫಿನೊ ಉತ್ತರವನ್ನೇ ಬರೆದಿರಲಿಲ್ಲ. ಇನ್ನು ಕಾಯಲಾಗದು ಎಂದು ನಿನ್ನೆ ಫೋನೂ ಬಂದಿತ್ತು. ಅವನ ಕೈ ಈಚೆಗೆ ನಡುಗುತ್ತಿತ್ತು. ತಮ್ಮ ಕಾಲ ಮುಗಿದ ಮೇಲೆ ಈ ಊರು ಚೂರುಚೂರಾಗಿ ರಟ್ಟಿನ ಪೆಟ್ಟಿಗೆ ಸೇರುತ್ತದಲ್ಲ ಎಂಬುದೇ ಎಲ್ವಿರಾಳ ಸಂಕಟ.

"ಇವತ್ತು ನೆಟ್ಟಗೆ ಮಾಡ್ಬಿಡ್ತೀನಿ," ಎಂದ ರುಫಿನೊ. ಮನೆಯನ್ನು ಎರಡು ಬೆರಳಲ್ಲಿ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ತಿರುವು ಬಿಚ್ಚಿ ನೇರ ಹಲಗೆ ಕೂರಿಸಿ ಗುಂಡಿ ಒತ್ತಿದ.

ಒಂದು ಕಾರೂ ಬೀಳಲಿಲ್ಲ. ಸಿಹಿ ಬ್ರೆಡ್ಡು ಹಿಡಿದು ಬಂದ ಪಕ್ಕದ ಮನೆಯ ಚೆಲೊ ಬಾಗಿಲಲ್ಲೇ ನಿಂತುಬಿಟ್ಟಳು.

"ಅಬ್ಬಾ, ಎಣ್ಣೆ ಹುಯ್ದಂಗೆ ಓಡ್ತಿದೆ! ಅಲ್ಲ ರುಫಿನೊ, ನಿಮ್ಮಮ್ಮನ ಮನೆ ಎಲ್ಲಪ್ಪಾ?"

"ಜೇಬಲ್ಲಿದೆ."

"ಒಳ್ಳೇ ಜಾಗ. ಬಾಡಿಗೆ ಎಷ್ಟು ಕೇಳ್ತೀಯಾ?"

ಅವನು ನಗಲಿಲ್ಲ. ಜೇಬಿನ ಮೇಲೆ ಕೈಯಿಟ್ಟುಕೊಂಡು, ಕಾರುಗಳು ಆ ಖಾಲಿ ಜಾಗದ ಮೇಲೆ ಹಾದುಹೋಗುವುದನ್ನೇ ನೋಡುತ್ತ ನಿಂತ. ಎಲ್ವಿರಾ ಗುಂಡಿ ಒತ್ತಿ ನಿಲ್ಲಿಸಿದಳು.

"ಆಗ ಹೆದ್ದಾರಿಯವ್ರು ಕೆಡವಿದ್ರು. ಈಗ ನೀನೇ ಕೆಡವ್ತಿದ್ದೀಯಲ್ಲೋ ಮುದುಕಾ."

"ಕಾರು ಬಿದ್ರೆ ಮ್ಯೂಸಿಯಂನವ್ರು ತಗೊಳ್ಳಲ್ಲ ಕಣೇ."

"ಇಷ್ಟು ದಿನ ಬಿದ್ದಿದ್ದನ್ನ ಯಾರು ಎತ್ತಿಟ್ಟಿದ್ದು? ಅಲ್ಲೂ ಯಾರಾದ್ರೂ ನಿಂತ್ಕೊಂಡು ಎತ್ತಿಡ್ಲಿ. ಹಂಗೇ ಬರಿ."

"ಕೈ ನಡುಗುತ್ತೆ."

"ಬಾಯಿ ನಡುಗಲ್ವಲ್ಲ, ಹೇಳು. ನಾನು ಬರೀತೀನಿ."

ಮೊದಲು ಹಲಗೆ ಬಿಚ್ಚಿದರು. ತಿರುವು, ಮನೆ ಎರಡೂ ತಮ್ಮ ಜಾಗಕ್ಕೆ ಬಂದವು. ಆಮೇಲೆ ಅವನು ಹೇಳಿದ, ಅವಳು ಬರೆದಳು: "ಈ ಊರನ್ನು ನಿಮಗೆ ಕೊಡಲು ಒಪ್ಪಿದ್ದೇನೆ. ಮನೆ ಇದ್ದಲ್ಲೇ ಇರುತ್ತದೆ, ರಸ್ತೆ ಅದನ್ನು ಬಳಸಿಯೇ ಹೋಗುತ್ತದೆ. ಅಲ್ಲಿ ಕಾರು ಬೀಳುತ್ತದೆ. ಎತ್ತಿಡಲು ಒಬ್ಬರು ಹತ್ತಿರ ನಿಲ್ಲಬೇಕು. ಆಗದಿದ್ದರೆ ಬೇಡ."

ಬೀದಿಯ ತುದಿಯ ಅಂಚೆಪೆಟ್ಟಿಗೆಗೆ ಇಬ್ಬರೂ ಹೋದರು. ರುಫಿನೊ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗಿಟ್ಟು, ಬಿಡದೆ ನಿಂತ.

"ಬೇಡ ಅಂದ್ಬಿಟ್ರೆ?"

"ಅಂದ್ರೆ ಅನ್ಲಿ. ನೋಡೋಕೆ ಚೆಲೊ ಬರ್ತಾಳೆ, ನಾನಿದ್ದೀನಿ. ಬಿಡು ಕೈ."

ಅವನು ಬಿಟ್ಟ.